ನಾಕಾದಲ್ಲಿ ನಿಂತ ನಮ್ಮ ಹಳೇ ಆಳು

ಗೆಳೆಯರೇ, ಮಧ್ಯಾಹ್ನದಿಂದ ಅಂಗಡಿಯ ಗಾದಿಯ ಮೇಲೆ ಕೂರಲಾಗುತ್ತಿಲ್ಲ.

ಗೊಳಸಂಗಿಯಿಂದ ತುಪ್ಪ ತರುತ್ತಿದ್ದೆ. ತಾಳಿಕೋಟೆಗೆ ಬರುವ ಸರಕಿನ ಮೇಲೆ ಜಕಾತಿ ಎತ್ತುವ ನಾಕಾದಲ್ಲಿ ಖಾಕಿ ಅಂಗಿಯವನೊಬ್ಬ ನನ್ನ ಚಕ್ಕಡಿಗೆ ಅಡ್ಡ ಬಂದ. ಯಾರು ಅಂತೀರಿ? ನಮ್ಮ ಮಲ್ಲಪ್ಪ! ಯುಗಾದಿಗೆ ಆಳುಗಳು ಅಂಗಡಿ ಬದಲಿಸುವುದು ನಮ್ಮ ಕಡೆಯ ರೂಢಿ. ಈ ಸಲ ಅವನು ಬಿಟ್ಟು ಹೊರಟಾಗ ಕಾಯಿ, ಟವೆಲ್ ಕೊಟ್ಟು ಹರಸಿ ಕಳಿಸಿದವನು ನಾನೇ.

"ಏನ್ ಮಾಲು ಐತ್ರಿ ಸಾವಕಾರ್ರ?"

"ಬರೇ ಎತ್ತಿನ ಮೇವೋ ಮಲ್ಲಪ್ಪಾ, ಕಣಕಿ."

ಅವನು ಇಡೀ ಚಕ್ಕಡಿ ಕೆದಕಲಿಲ್ಲ. ನೇರ ಹಿಂದಿನ ಮೂಲೆಗೆ ಹೋಗಿ ಕಣಕಿಯ ಒಂದೇ ಸಿವುಡು ಎತ್ತಿದ. ತುಪ್ಪದ ಡಬ್ಬಿಗಳು ಅಲ್ಲೇ ಇದ್ದವು. ಇರದೆ ಏನು? ಇಷ್ಟು ವರ್ಷ ಅವನ್ನು ಅಲ್ಲಿ ಇಡುತ್ತಿದ್ದವನೇ ಅವನು.

"ಆಳು ಬದಲಾದ ಮ್ಯಾಲೆ ಡಬ್ಬಿ ಇಡೂ ಜಾಗಾನೂ ಬದಲಿ ಮಾಡಬೇಕ್ರಿ," ಎಂದು ಪಾವತಿ ಹರಿದು ಕೊಟ್ಟ.

ಜಕಾತಿ ಕಟ್ಟಿದೆ, ಅದು ಹೋಗಲಿ. ನಾಕಾ ದಾಟಿದ ಮೇಲೆ, ಚಕ್ಕಡಿ ಹೊಡೆಯುತ್ತಿದ್ದ ಹೊಸ ಆಳು ದಸ್ತಗೀರ ಮೆಲ್ಲಗೆ ಕೇಳಿದ: "ಸಾವಕಾರ್ರ, ಆ ನಾಕಾದಾಗ ಇನ್ನೊಬ್ಬ ಮನಿಷ್ಯಾ ಬೇಕಾಗ್ಯಾನೇನ್ರಿ?"

ಇವನ ಪಗಾರ ಏರಿಸುವುದು ಅಗ್ಗವೋ, ಜಕಾತಿ ಕಟ್ಟುವುದು ಅಗ್ಗವೋ, ನೀವೇ ಹೇಳಿ.