ನನ್ನ ಸೀರೆ ಉಟ್ಟವಳು ಹೇಳಿದ ಮಾತು

ದೆವ್ವ, ಗಾಳಿ, ಮೈಮೇಲೆ ಬರುವುದು, ಇಂಥದ್ದನ್ನೆಲ್ಲ ನಾನು ನಂಬಿದವಳಲ್ಲ. ನಮ್ಮ ಕೇರಿಯಲ್ಲಿ ಒಬ್ಬಳ ಮೈಮೇಲೆ ಅವಳ ಸತ್ತ ಅತ್ತೆ ಬರುತ್ತಿದ್ದಳು. ಬಂದಾಗಲೆಲ್ಲ ಕೋಳಿ ಕೇಳುತ್ತಿದ್ದಳು. ಒಂದು ದಿನ ಮೀನು ತೊಳೆದ ನೀರನ್ನು ಕೊಡಪಾನ ಸಮೇತ ಎತ್ತಿ ಅವಳ ತಲೆಗೆ ಸುರಿದೆ. ಆಮೇಲೆ ಅತ್ತೆ ಬರಲಿಲ್ಲ. ಸತ್ತವರು ಸತ್ತರು, ಇದ್ದವರು ಉಣ್ಣಬೇಕು, ನನಗೆ ಗೊತ್ತಿದ್ದದ್ದು ಅಷ್ಟೇ. ಹಾಗಾಗಿ ಈಗ ಬರೆಯುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನಾವು ಹೊನ್ನಾವರದ ಹತ್ತಿರದ ಕಾಸರಕೋಡಿನವರು. ಗಂಡ ಬೇಗ ಹೋದ. ನಾನು ಬುಟ್ಟಿ ಹೊತ್ತು ಮೀನು ಮಾರಿ, ಬೇಸಿಗೆಯಲ್ಲಿ ಮೀನು ಒಣಗಿಸಿ, ಇಬ್ಬರು ಗಂಡುಮಕ್ಕಳನ್ನು ಸಾಕಿದೆ. ದೊಡ್ಡವನು ಈಶ್ವರ, ಸಣ್ಣವನು ನಾಗೇಶ. ಇಬ್ಬರೂ ದೋಣಿಗೆ ಹೋಗುತ್ತಿದ್ದರು, ಬೇರೆ ಬೇರೆ ದೋಣಿಗೆ. ನಮ್ಮಲ್ಲಿ ಒಂದು ಕಟ್ಟಳೆ ಇದೆ. ಒಬ್ಬ ತಾಯಿಯ ಇಬ್ಬರು ಮಕ್ಕಳು ಒಂದೇ ದೋಣಿ ಹತ್ತಬಾರದು. ದೋಣಿ ಮುಳುಗಿದರೆ ಮನೆಗೆ ಒಬ್ಬನಾದರೂ ಉಳಿಯಲಿ ಎಂದು ಹಿಂದಿನವರು ಮಾಡಿದ್ದು. ಇದರಲ್ಲಿ ದೇವರೂ ಇಲ್ಲ ದಿಂಡರೂ ಇಲ್ಲ, ಬರೀ ಬುದ್ಧಿ.

ಆ ಕಟ್ಟಳೆ ಮುರಿದವಳು ನಾನು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಆ ದಿನಗಳಲ್ಲಿ ನಾಗೇಶನ ದೋಣಿಯ ಇಂಜಿನ್ ಕೆಟ್ಟು ರಿಪೇರಿಗೆ ಹೋಗಿತ್ತು. ನಾಲ್ಕು ದಿನ ಮನೆಯಲ್ಲಿ ಬಿದ್ದುಕೊಂಡಿದ್ದ. ನಾಲ್ಕನೇ ದಿನ ಜ್ವರ ಎಂದ. ಹಿಂದಿನ ರಾತ್ರಿ ಮೊಬೈಲ್ ಹಿಡಿದು ನಗುತ್ತಿದ್ದವನನ್ನು ನಾನೇ ನೋಡಿದ್ದೆ, ಸೋಗು ಎಂದುಕೊಂಡೆ. ಊಟದ ಹೊತ್ತಿಗೆ ಈಶ್ವರ, "ನಾಳೆ ನಮ್ ದೋಣಿಗೆ ಒಂದಾಳು ಕಮ್ಮಿ" ಅಂದ. ಯಾರಿಗೂ ಹೇಳಿದ್ದಲ್ಲ, ಅನ್ನ ಕಲಸುತ್ತ ಅಂದದ್ದು. ಬೆಳಗಾಗುವ ಮೊದಲೇ ಅವನು ಹೋದ. ಆಮೇಲೆ ನಾನು ಅಡಿಗೆಮನೆ ಬಾಗಿಲಲ್ಲಿ ನಿಂತು ಮಲಗಿದ್ದ ನಾಗೇಶನಿಗೆ ಒಂದು ಮಾತು ಹೇಳಿದೆ. ಆ ಮಾತು ಯಾವುದೆಂದು ಮುಂದೆ ಬರೆಯುತ್ತೇನೆ. ಅವನು ನನ್ನ ಮುಖ ನೋಡದೆ ಎದ್ದ. ಗಳದ ಮೇಲಿನ ಅಂಗಿ ಎಳೆದುಕೊಂಡು ಹೋದ. ನೀರಿಗೆ ನೂಕುತ್ತಿದ್ದ ಅಣ್ಣನ ದೋಣಿಗೆ ಓಡಿಹೋಗಿ ಹತ್ತಿದನಂತೆ.

ತಿರುಗಿ ಬರುವಾಗ ಅಳಿವೆಯಲ್ಲಿ, ನದಿ ಸಮುದ್ರ ಸೇರುವಲ್ಲಿ, ದೋಣಿ ಮಗುಚಿತು. ಆರು ಜನರಲ್ಲಿ ಐವರು ಈಜಿ ದಡ ಸೇರಿದರು. ನಾಗೇಶ ಬರಲಿಲ್ಲ. ಮೂರನೇ ದಿನ ಹೆಣ ಬಂತು.

ಕೇರಿಯಲ್ಲಿ ಅವನಷ್ಟು ಈಜುವವನು ಇನ್ನೊಬ್ಬನಿರಲಿಲ್ಲ. ದೋಣಿಯಲ್ಲಿದ್ದ ಮುದುಕರೂ ಈಜಿ ಬಂದರು, ನಾಗೇಶ ಹೇಗೆ ಹೋದ ಎಂದು ಎಲ್ಲರಿಗೂ ಆಶ್ಚರ್ಯ. ದೋಣಿ ಮಗುಚಿದ ದಿನ ದಡದಲ್ಲೇ ಊರವರು, ಅಣ್ಣ ತಮ್ಮ ಒಂದೇ ದೋಣಿ ಯಾಕೆ ಹತ್ತಿದರು ಎಂದು ಕೇಳಿದರು. ನಾನು ಬಾಯಿ ತೆಗೆದೆ. "ನಾ ಬ್ಯಾಡ ಅಂದೆ. ಅಣ್ಣನ ದೋಣಿಗೆ ಆಳಿಲ್ಲ ಅಂತ ಕೇಳಿದ್ದೇ ಓಡ್ದ" ಅಂದೆ. ಯೋಚಿಸಿ ಆಡಿದ್ದಲ್ಲ. ಆದರೆ ಆಡಿದ ಮೇಲೆ ತಿದ್ದಲೂ ಇಲ್ಲ. ಈಶ್ವರ ಅಲ್ಲೇ ಒದ್ದೆ ಲುಂಗಿಯಲ್ಲಿ ನಿಂತಿದ್ದ. ಕೇಳಿಸಿಕೊಂಡ. ಅಂದಿನಿಂದ ಊರಿನ ಬಾಯಲ್ಲಿ ಅವನು ತಮ್ಮನನ್ನು ಕರೆದುಕೊಂಡು ಹೋಗಿ ಬಿಟ್ಟು ಬಂದವನು. ಅವನೂ ಹಾಗೇ ತಿಳಿದುಕೊಂಡ.

ಆಮೇಲೆ ಅವನು ನೀರಿಗಿಳಿಯಲಿಲ್ಲ. ತಲೆ ಮೇಲೆ ನೀರು ಹೊಯ್ದುಕೊಳ್ಳಲೂ ಇಲ್ಲ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುತ್ತಾನೆ. ದೋಣಿಗಳು ಹೊರಡುವ ಹೊತ್ತಿಗೆ ಎದ್ದು ಹೊಸ್ತಿಲಲ್ಲಿ ಕೂತರೆ ಕೊನೆಯ ದೋಣಿ ಬರುವವರೆಗೆ ಏಳುತ್ತಿರಲಿಲ್ಲ. ಉಳಿದ ಹೊತ್ತು ಬಲೆ ಹೆಣೆಯುತ್ತಿದ್ದ, ಸಮುದ್ರಕ್ಕೆ ಬೆನ್ನು ಹಾಕಿ. ಒಂದು ವರ್ಷ ನೋಡಿ ಅವನ ಹೆಂಡತಿ ಮಗಳನ್ನು ಕರೆದುಕೊಂಡು ಕುಮಟೆ ಹತ್ತಿರ ಬಾಡ ಎಂಬ ಊರಿನ ತವರಿಗೆ ಹೋದಳು. ಅವಳದ್ದು ತಪ್ಪೆಂದು ನಾನು ಹೇಳುವುದಿಲ್ಲ. ಹೊಸ್ತಿಲಿನ ಜೊತೆ ಯಾರು ಸಂಸಾರ ಮಾಡುತ್ತಾರೆ.

ನೀವು ಕೇಳಬಹುದು, ನಿಜ ಹೇಳಿದ್ದರೆ ಅವನಿಗೆ ಹಗುರಾಗುತ್ತಿತ್ತಲ್ಲ ಎಂದು. ಹೌದು, ಆಗುತ್ತಿತ್ತು. ಮೊದಲ ದಿನ ಹೇಳಲಿಲ್ಲ. ಎರಡನೇ ದಿನ ಹೇಳಿದರೆ ಮೊದಲ ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ. ಹಾಗೇ ವರ್ಷಗಳಾದವು.

ಹಾಗಿರುವಾಗ ಸಿನಿಮಾದವರು ಬಂದರು. ಡೈರೆಕ್ಟರು ಒಬ್ಬಳು ಹುಡುಗಿ, ಚಡ್ಡಿ ಹಾಕಿದವಳು, ಮಾತು ಮಾತ್ರ ಮರ್ಯಾದೆಯದು. ದೋಣಿ ಮುಳುಗಿ ಒಬ್ಬನೇ ಬದುಕಿ ಬಂದವನ ಕತೆಯಂತೆ. ಮುಳುಗಿದ್ದು ದೊಡ್ಡದಲ್ಲ ಅಮ್ಮ, ಆಮೇಲೆ ಅವನು ದಿನಾ ಹೇಗೆ ಬದುಕುತ್ತಾನೆ ಎಂಬುದೇ ಸಿನಿಮಾ ಎಂದಳು. ನಮ್ಮ ಕತೆಯಲ್ಲ, ಅವಳೇ ಬರೆದದ್ದು. ನಮ್ಮ ಮನೆಯೂ ಮೀನು ಒಣಗಿಸುವ ಅಂಗಳವೂ ಬೇಕೆಂದಳು. ಕೊಟ್ಟೆ.

ಹೀರೋ ದಿನಾ ಬಂದು ಈಶ್ವರ ಬಲೆ ಹೆಣೆಯುವುದನ್ನು ನೋಡುತ್ತ ಕೂರುತ್ತಿದ್ದ. ನನ್ನ ನಾದಿನಿ ಮಾದೇವಿಗೆ ನಗು. "ನಿನ್ ಮಗ ಸುಮ್ನೆ ಕುಂತದ್ ನೋಡಿ ಇಂವ ಕುಂತ್ಕಳೂದ್ ಕಲೀತಾ ಇದ್ದ. ನಾ ಇಷ್ಟ್ ವರ್ಷ ಕುಂತೆ, ಒಬ್ನೂ ನೋಡ್ಲಿಲ್ಲ" ಎನ್ನುತ್ತಿದ್ದಳು.

ತಾಯಿ ಪಾರ್ಟು ಮಾಡುವವಳು ಮೈಸೂರು ಕಡೆಯ ಹೆಂಗಸು. ಅವಳಿಗೆ ನನ್ನದೇ ಹಸಿರು ಸೀರೆ ಕೊಟ್ಟೆ, ಸೆರಗಿನ ಹತ್ತಿರ ನೀಲಿ ತೇಪೆ ಇದ್ದದ್ದು. ಸೀರೆ ಎತ್ತಿ ಕಟ್ಟುವುದನ್ನೂ, ಬಂಗಡೆ ಸೀಳಿ ಉಪ್ಪು ತುಂಬುವುದನ್ನೂ ಕಲಿಸಿದೆ. ಅವಳು ಒಂದು ಮೀನಿಗೆ ಅರ್ಧ ತಾಸು ಮಾಡಿದಳು. "ನೀ ಮೀನು ಕೊಯ್ತಿದ್ಯೋ, ಶಿಶುಗೆ ಉಗುರು ತೆಗೀತಿದ್ಯೋ?" ಎಂದೆ. ಒಳ್ಳೆಯವಳು, ಸಿಟ್ಟಾಗಲಿಲ್ಲ. ಅವಳ ಹತ್ತಿರ ಮೀನಿನದ್ದು ಬಿಟ್ಟು ಬೇರೆ ಮಾತಾಡಲಿಲ್ಲ. ಮಾತಿನ ಭರದಲ್ಲಿ ನಾನೇ ಏನಾದರೂ ಬಾಯಿಬಿಟ್ಟೆನೋ ಎಂದು ಆಮೇಲೆ ನೂರು ಸಲ ನೆನಪು ಮಾಡಿ ನೋಡಿದ್ದೇನೆ. ಬಿಟ್ಟಿಲ್ಲ. ಮನೆಯೊಳಗಿನ ಶೂಟಿಂಗ್ ದಿನ ನಮ್ಮನ್ನೆಲ್ಲ ಹೊರಗೆ ಕಳಿಸಿದರು. ನಾನು ಗಾಳಿಮರದ ಬುಡದಲ್ಲಿ ಕೂತು ಕಾಗೆ ಓಡಿಸುತ್ತಿದ್ದೆ. ಒಳಗೆ ಏನಾಯಿತೋ ನೋಡಿಲ್ಲ.

ವರ್ಷ ಕಳೆದ ಮೇಲೆ ಸಿನಿಮಾ ಕುಮಟೆಗೆ ಬಂತು. ಡೈರೆಕ್ಟರು ಹುಡುಗಿ ಫೋನು ಮಾಡಿ ಈಶ್ವರನನ್ನೂ ಕರೆದುಕೊಂಡು ಹೋಗಿ ಎಂದಳು. ಮಾದೇವಿಯೂ ಅದನ್ನೇ ಹೇಳಿದಳು. "ತನ್ನಂಗೆ ಇದ್ದವ್ನ ನೋಡ್ರೆ ಅಳ್ತ. ಅತ್ರೆ ಹಗುರಾಗ್ತದೆ." ನಾನೂ ಒಂದು ಆಸೆ ಇಟ್ಟುಕೊಂಡೆ. ನಾನು ಬಾಯಿ ತೆಗೆಯದೆಯೇ ಅವನು ಗುಣವಾಗಲಿ ಎಂಬ ಆಸೆ. ಈಶ್ವರ ಬರುವುದಿಲ್ಲ ಎಂದುಕೊಂಡಿದ್ದೆ. ಅಂಗಿ ಹಾಕಿಕೊಂಡು ಬಂದ.

ಮಧ್ಯಾಹ್ನದ ಆಟ. ಮೂವತ್ತು ಜನ ಇದ್ದರೆ ಹೆಚ್ಚು. ನಾನು ನಡುವೆ, ಈಶ್ವರ ಒಂದು ಬದಿ, ಮಾದೇವಿ ಇನ್ನೊಂದು ಬದಿ. ಸಿನಿಮಾದಲ್ಲಿ ಹೆಚ್ಚೇನೂ ಆಗುವುದಿಲ್ಲ. ಒಬ್ಬ ಕೂರುತ್ತಾನೆ, ಏಳುತ್ತಾನೆ, ನೀರು ಕಂಡರೆ ನಿಲ್ಲುತ್ತಾನೆ. ನನ್ನ ಅಂಗಳ ದೊಡ್ಡದಾಗಿ ಕಂಡಿತು. ಈಶ್ವರ ಅಲ್ಲಾಡದೆ ನೋಡುತ್ತಿದ್ದ.

ಕೊನೆ ಸಮೀಪಿಸಿದಾಗ ದೋಣಿ ಮುಳುಗಿದ ದಿನದ ಬೆಳಗನ್ನು ತೋರಿಸಿದರು. ನನ್ನ ಅಡಿಗೆಮನೆ ಬಾಗಿಲು. ಚಾಪೆ ಮೇಲೆ ಒಬ್ಬ ಹುಡುಗ ಮಲಗಿದ್ದಾನೆ. ಬಾಗಿಲಲ್ಲಿ ಆ ಹೆಂಗಸು ನನ್ನ ಹಸಿರು ಸೀರೆಯಲ್ಲಿ ನಿಂತಿದ್ದಾಳೆ, ಮುಖ ನಮ್ಮ ಕಡೆಗೆ. ಅವಳು ಬಾಯಿ ತೆರೆದು ಹೇಳಿದಳು.

"ಜರ ಬಂತಡ ಜರ. ಏಳು. ಸಾಯೂದಾರೆ ಸಮುದ್ರದಲ್ಲಿ ಸಾಯಿ, ನನ್ ಚಾಪೆ ಮೇಲೆ ಬ್ಯಾಡ."

ಅದು ನನ್ನ ಮಾತು. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ದನಿ ಅವಳದ್ದೇ. ಆದರೆ ಮೈಸೂರಿನವಳ ನಾಲಿಗೆಯಲ್ಲಿ ನಮ್ಮ ಕೇರಿಯ ಮಾತು, ನಾನು ಆಡಿದ ಹಾಗೆಯೇ, 'ಏಳು' ಎಂದ ಮೇಲೆ ಒಂದು ಉಸಿರು ಬಿಟ್ಟು. ಅದನ್ನು ಕೇಳಿದವನು ಲೋಕದಲ್ಲಿ ಒಬ್ಬನೇ ಇದ್ದ. ಅವನನ್ನು ಸುಟ್ಟು ಆರು ವರ್ಷವಾಗಿತ್ತು.

ಅದೇ ಹೊತ್ತಿಗೆ ಪಕ್ಕದಲ್ಲಿ ಈಶ್ವರ ಎದ್ದು ನಿಂತ. ಹಿಂದಿನವರು "ಕುಂತ್ಕಣಾ ಮಾರಾಯ" ಎಂದರು. ಅವನು ನನ್ನ ಕಾಲು ದಾಟಿ ಹೊರಗೆ ಹೋದ.

ಟೆಂಪೊದಲ್ಲಿ ಅವನು ಗುಡ್ಡದ ಬದಿಯ ಸೀಟಿನಲ್ಲಿ ಕೂತ, ಸಮುದ್ರದ ಬದಿ ಅವನು ಕೂರುವುದಿಲ್ಲ. ಮಾದೇವಿ ಮುಂದೆ ನಿದ್ದೆ ಹೋಗಿದ್ದಳು. ಹೊನ್ನಾವರ ದಾಟಿ ಶರಾವತಿ ಸೇತುವೆಗೆ ಬಂದಾಗ, ಗೇರುಸೊಪ್ಪೆ ಕಡೆಯ ನೀರು ನೋಡುತ್ತ ಅವನು ಕೇಳಿದ.

"ಅವ್ವಿ, ಅಂವ್ಗೆ ಜರ ಇತ್ತಾ?"

ಆರು ವರ್ಷದಲ್ಲಿ ತಮ್ಮನ ವಿಷಯ ಅವನು ಎತ್ತಿದ್ದು ಅದೊಂದೇ ಸಲ. ಸೇತುವೆ ಉದ್ದವಿದೆ. ಹೌದು ಎಂದು ಒಂದು ಮಾತು ಹೇಳಲು ಬೇಕಾದಷ್ಟು ಹೊತ್ತಿತ್ತು. ಹೌದು, ಜ್ವರವಿತ್ತು, ಅದಕ್ಕೇ ಈಜಲಿಲ್ಲ, ಕಳಿಸಿದವಳು ನಾನು, ನೀನು ಕರೆಯಲಿಲ್ಲ.

"ಇಲ್ಲ" ಎಂದೆ. "ಚೊಲೋ ಇದ್ದ. ನಿನ್ ಸಂಗ್ತಿಗೆ ಬತ್ತೆ ಅಂತ್ಲೇ ಓಡ್ದ."

"ಹ್ಞೂಂ" ಎಂದ. ಸೇತುವೆ ಮುಗಿಯಿತು.

ಮನೆಗೆ ಬಂದು ಮಾದೇವಿಯನ್ನು ಕೇಳಿದೆ, ಆ ತಾಯಿ ಬಾಗಿಲಲ್ಲಿ ನಿಂತು ಎಂತ ಹೇಳಿದಳು ಎಂದು. "ನಂಗೆಂತ ಗೊತ್ತು. ಶೇಂಗಾ ಪೊಟ್ಟಣ ಕೆಳಗೆ ಬಿತ್ತು, ನಾ ಅದ್ನ ಹುಡುಕ್ತಿದ್ದೆ" ಅಂದಳು. ಡೈರೆಕ್ಟರು ಹುಡುಗಿಗೆ ಫೋನು ಮಾಡಿಸಿದೆ. "ಏನೂ ಹೇಳಲ್ಲ ಅಮ್ಮ, ಆ ಸೀನಲ್ಲಿ ಮಾತೇ ಇಲ್ಲ. ಯಾಕೆ?" ಎಂದಳು. ಸುಮ್ಮನೆ ಎಂದು ಇಟ್ಟೆ.

ಈಗ ಆ ಸಿನಿಮಾ ಮೊಬೈಲಿನಲ್ಲೂ ಬರುತ್ತದೆ. ಮಾದೇವಿಯ ಸೊಸೆ ಹಾಕಿ ಕೊಟ್ಟಳು. ಆ ಜಾಗವನ್ನು ಮೂರು ಸಲ ನೋಡಿದೆ. ಬಾಗಿಲಿದೆ, ಚಾಪೆ ಇದೆ, ಹುಡುಗನಿದ್ದಾನೆ. ಆ ಹೆಂಗಸು ನಿಂತಿದ್ದಾಳೆ, ಆದರೆ ನಮಗೆ ಬೆನ್ನು ಹಾಕಿ. ಸೆರಗಿನ ನೀಲಿ ತೇಪೆ ಕಾಣುತ್ತದೆ. ಮಾತಿಲ್ಲ. ಟಾಕೀಸಿನಲ್ಲಿ ನಾನು ನೋಡಿದ್ದು ಮುಖ.

ನನ್ನ ತಲೆಯೇ ಆಡಿಸಿದ ಆಟ ಎಂದು ನೀವು ಹೇಳಬಹುದು. ನಾನೂ ಹಾಗೇ ಅಂದುಕೊಳ್ಳಲು ನೋಡಿದೆ. ಹಾಗಾದರೆ ಈಶ್ವರ ಯಾಕೆ ಎದ್ದ? ಸಿನಿಮಾದಲ್ಲಿ ಇನ್ನು ಆ ದೋಣಿ ಹೊರಡುತ್ತದೆಂದು ತಾಳಲಾರದೆ ಎದ್ದಿರಬಹುದು. ಜ್ವರದ ಮಾತು ಯಾಕೆ ಎತ್ತಿದ? ದೋಣಿಯಲ್ಲಿ ತಮ್ಮನ ಮೈ ಮುಟ್ಟಿ ಅವನಿಗೆ ಮೊದಲೇ ಗೊತ್ತಿರಬಹುದು. ಗೊತ್ತಿದ್ದರೆ ಆರು ವರ್ಷ ಬಿಟ್ಟು, ಆ ದಿನವೇ ಯಾಕೆ ಕೇಳಿದ? ನಾನು ಕೇಳಿದ್ದನ್ನು ಅವನೂ ಕೇಳಿದನೇ ಎಂದು ತಿಳಿಯಲು ಇರುವುದು ಅವನೊಬ್ಬನೇ. ಅವನನ್ನು ಕೇಳಬೇಕಾದರೆ ಆ ಮಾತನ್ನು ನಾನು ಇನ್ನೊಮ್ಮೆ ನನ್ನ ಬಾಯಲ್ಲೇ ಆಡಬೇಕು. ಕಾಗದದ ಮೇಲೆ ಬರೆಯುವುದಕ್ಕೇ ಇಷ್ಟು ವರ್ಷ ಬೇಕಾಯಿತು.

ಕುಮಟೆಯಿಂದ ಬಂದ ಮರುದಿನದಿಂದ ಅವನು ಬೆಳಿಗ್ಗೆ ಹೊಸ್ತಿಲಲ್ಲಿ ಕೂರುವುದನ್ನು ಬಿಟ್ಟ. ಊರವರು ಸುಧಾರಿಸಿದ ಎಂದರು. ಸುಧಾರಿಸಿಲ್ಲ, ಕಾಯುವುದನ್ನು ಬಿಟ್ಟಿದ್ದಾನೆ. ಅಂಗಳದಲ್ಲಿ ಮೀನು ತಿರುವಿ ಹಾಕುತ್ತಾನೆ. ದಿನಕ್ಕೆ ಎರಡು ಸಲ ಊಟಕ್ಕೆ ಕರೆಯುತ್ತೇನೆ, ಬರುತ್ತಾನೆ. ಆದರೆ ನಾನು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದರೆ ಒಳಗೆ ಬರುವುದಿಲ್ಲ. ನಾನು ಅಲ್ಲಿಂದ ಸರಿಯುವವರೆಗೆ, ನನ್ನ ಮುಖ ನೋಡದೆ, ಅಲ್ಲೇ ನಿಂತಿರುತ್ತಾನೆ. ಮೊದಲು ಹಾಗೆ ನಿಲ್ಲುತ್ತಿರಲಿಲ್ಲ.