ಮುರಿದ ಸೂಜಿಯ ಇನ್ನರ್ಧ

ರಾಯದುರ್ಗದ ಬೆಟ್ಟದ ನೆತ್ತಿಗೆ ಬೆಳಕು ತಾಗುವ ಮೊದಲೇ ಉಚ್ಚಂಗೆಪ್ಪ ಇಲ್ಲಿನ ಜೀನ್ಸ್ ಕಾರ್ಖಾನೆಯ ಬೀಗ ತೆಗೆಸುತ್ತಾರೆ. ಕಸ ಗುಡಿಸುವವರು ಬರುವ ಮುನ್ನ ಅವರ ಕೆಲಸ ಮುಗಿಯಬೇಕು. ಕೋಲಿನ ತುದಿಗೆ ಕಟ್ಟಿದ ಅಯಸ್ಕಾಂತವನ್ನು ನಲವತ್ತೆರಡು ಹೊಲಿಗೆ ಯಂತ್ರಗಳ ಕೆಳಗೆ, ನೀಲಿ ನೂಲುಪುಡಿಯ ಮೇಲೆ, ನಿಧಾನವಾಗಿ ಆಡಿಸುತ್ತ ಹೋಗುತ್ತಾರೆ. ಅವರು ಹುಡುಕುವುದು ಮುರಿದ ಸೂಜಿಯ ಚೂರುಗಳನ್ನು; ಬಟ್ಟೆಯಲ್ಲಿ ಉಳಿದರೆ ಅವು ತೊಟ್ಟವರಿಗೆ ಚುಚ್ಚುತ್ತವೆ. ಸೂಜಿ ಮುರಿದರೆ ಎರಡೂ ತುಂಡುಗಳನ್ನು ಜೋಡಿಸಿ ಲೆಕ್ಕದ ಪುಸ್ತಕಕ್ಕೆ ಅಂಟಿಸಬೇಕು. ಆಮೇಲೆಯೇ ಹೊಸ ಸೂಜಿ. ದಿನಕ್ಕೆ ಹತ್ತು ಹನ್ನೆರಡು ಮುರಿಯುತ್ತವೆ. ಹನ್ನೊಂದು ವರ್ಷಗಳಲ್ಲಿ ಒಂದು ಚೂರೂ ಅವರ ಕೈತಪ್ಪಿ ಹೊರಗೆ ಹೋಗಿಲ್ಲ.

ಇಂದು ಮಾತ್ರ ಒಂದು ಸಿಗುತ್ತಿಲ್ಲ. ನಿನ್ನೆ ಸಂಜೆ ಪಾಪಕ್ಕನ ಯಂತ್ರದಲ್ಲಿ ಮುರಿದ ಸೂಜಿಯ ಮೊನೆ ಅದು. ಆರುನೂರು ಪ್ಯಾಂಟುಗಳನ್ನು ಒಯ್ಯಲು ಬಂದ ಲಾರಿ ಬಾಗಿಲಲ್ಲಿ ನಿಂತಿದೆ. ಎಂಟು ಗಂಟೆಗೆ ಕೆಲಸಕ್ಕೆ ಬಂದ ಪಾಪಕ್ಕ ಸೆರಗಿನ ಗಂಟು ಬಿಚ್ಚಿ ಒಂದು ಮೊನೆ ಚಾಚುತ್ತಾರೆ.

“ಸೂಜಿ ಮಾವಾ, ತಗೋರಿ ನಿಮ್ಮ ಬಂಗಾರ. ಅಂಟಿಸಿ ಬಿಡ್ರಿ, ಡ್ರೈವರ್ ಆಗ್ಲೇ ಎರಡು ಸಲ ಹಾರ್ನ್ ಹೊಡದಾನ.”

ಉಚ್ಚಂಗೆಪ್ಪ ಅದನ್ನು ಬೆಳಕಿಗೆ ಹಿಡಿಯುತ್ತಾರೆ. “ನಿನ್ನ ಮಿಷನ್ನಿಂದು ಇಪ್ಪತ್ತೊಂದು ನಂಬರಿನ ದಪ್ಪ ಸೂಜಿ. ಇದು ಹದಿನೆಂಟು. ಯಾರ ಸೂಜಿದವ್ವಾ ಇದು?”

“ಸೂಜಿಗೂ ಜಾತಕ ನೋಡ್ತೀರೇನ್ರಿ?”

ಇಡೀ ಸಾಲು ನಗುತ್ತದೆ. ಉಚ್ಚಂಗೆಪ್ಪ ನಗುವುದಿಲ್ಲ.

“ನಾನೂ ಹಿಂಗ ಮಾಡಿದ್ನವ್ವಾ. ಪ್ಯಾಂಟಿಗಲ್ಲ. ವಿಮಾನಕ್ಕ.”

ಕಣೇಕಲ್ಲಿನ ಕಡೆಯಿಂದ ದುಡಿಯಲು ಹೋದ ಈ ದರ್ಜಿಗೆ ಬೆಂಗಳೂರಿನಲ್ಲಿ ಸಿಕ್ಕಿದ್ದು ಗುತ್ತಿಗೆಯ ಹೊಲಿಗೆ ಶೆಡ್ಡು. ಶಬ್ದವನ್ನೂ ಹಿಂದಿಕ್ಕುವ ಯುದ್ಧವಿಮಾನವೊಂದು ನಕ್ಷೆಯ ವರ್ಷಗಳನ್ನು ದಾಟಿ ಆಗಷ್ಟೇ ಪರೀಕ್ಷಾ ಹಾರಾಟಕ್ಕೆ ಇಳಿದಿತ್ತು. ನೆಲ ಮುಟ್ಟಿದ ಮೇಲೂ ಅದರ ಓಟ ತಗ್ಗದು. ಬಾಲದಲ್ಲಿ ಮಡಚಿಟ್ಟ ಬಟ್ಟೆಯ ಕೊಡೆ ಬಿಚ್ಚಿ ಅದನ್ನು ಹಿಂದಕ್ಕೆ ಜಗ್ಗಬೇಕು. ಆ ಕೊಡೆಯನ್ನು ಹೊಲಿದವರಲ್ಲಿ ಉಚ್ಚಂಗೆಪ್ಪ ಒಬ್ಬರು.

“ಎಂಜಿನ್ ಗಿಂಜಿನ್ ನನಗ ಗೊತ್ತಿಲ್ರಿ. ಗಾಡಿ ಇಳದ ಮ್ಯಾಲೆ ಎಷ್ಟು ದೂರ ಓಡತೈತಿ, ಅಷ್ಟೇ ಗೊತ್ತು,” ಎನ್ನುತ್ತಾರೆ. ವಿಮಾನಕ್ಕೆ ಅವರ ಬಾಯಲ್ಲಿ ಇಂದಿಗೂ ಗಾಡಿ ಎಂದೇ ಹೆಸರು. ಮೊದಲ ಕೊಡೆಗಳು ಐದು ಇಳಿತಕ್ಕೇ ಹರಿದವು. ಬಟ್ಟೆ ಬದಲಾಯಿತು, ಎರಡೆಳೆಯ ಹೊಲಿಗೆ ಮೂರೆಳೆಯಾಯಿತು. ಕೊಡೆ ಇಪ್ಪತ್ತು ಇಳಿತ ತಾಳುವ ಹೊತ್ತಿಗೆ ಏಳು ವರ್ಷ ಕಳೆದಿತ್ತು.

ಆಗಲೇ ಒಂದು ಮಧ್ಯಾಹ್ನ ಅವರ ಸೂಜಿ ಮುರಿಯಿತು. ಮೊನೆ ಸಿಗಲಿಲ್ಲ. ಮರುದಿನವೇ ಹಾರಾಟ, ಕೊಡೆಯನ್ನು ಬಿಚ್ಚಿ ಹುಡುಕಲು ಎರಡು ದಿನ ಬೇಕು. ಬೈಗುಳಕ್ಕೆ ಹೆದರಿದ ಉಚ್ಚಂಗೆಪ್ಪ ಹಳೆಯ ಸೂಜಿಯೊಂದರ ಮೊನೆಯನ್ನು ಜೋಡಿಸಿ ಅಂಟಿಸಿದರು. ತಪಾಸಣೆಯ ಗಂಗಣ್ಣ ಪುಸ್ತಕ ನೋಡಿದರು, ಎರಡೂ ತುಂಡು ಕಂಡರು, ಮುದ್ರೆ ಒತ್ತಿದರು.

ಮಡಿಕೆಯೊಳಗೆ ಉಳಿದ ಮೊನೆ ಬಟ್ಟೆಯನ್ನು ಸೀಳಿತ್ತು. ಬಿಚ್ಚಿದ ಕೊಡೆ ಚಿಂದಿಯಾಯಿತು. ವಿಮಾನ ಓಡುದಾರಿಯನ್ನು ಮೀರಿ ತುದಿಯಲ್ಲಿ ತಡೆಗೆಂದು ಕಟ್ಟಿದ ಬಲೆಗೆ ನುಗ್ಗಿತು. ಪೈಲಟ್ ಬದುಕಿದರು. ಪುಸ್ತಕದಲ್ಲಿ ಸೂಜಿ ಪೂರ್ತಿಯಿದ್ದುದರಿಂದ ಅನುಮಾನ ಹೊಲಿದವರ ಮೇಲೆ ಬರಲಿಲ್ಲ, ನೋಡಿ ಮುದ್ರೆ ಒತ್ತಿದವರ ಮೇಲೆ ಬಂತು. ಮಡಕಶಿರಾ ಸೀಮೆಯ ಅಗಳಿಯವರಾದ ಗಂಗಣ್ಣ ಒಂದೇ ಮಾತು ಆಡಿದರು: “ಸೀಲು ನಂದು ಸ್ವಾಮಿ, ತಪ್ಪೂ ನಂದೇಯ.” ಆ ಸಂಜೆಯೇ ಅವರನ್ನು ಕೆಲಸದಿಂದ ತೆಗೆದರು.

“ನಾ ಅಲ್ಲೇ, ಅವ್ರ ಬೆನ್ನ ಹಿಂದ ನಿಂತಿದ್ದೆ,” ಎಂದು ಉಚ್ಚಂಗೆಪ್ಪ ನೆಲ ನೋಡುತ್ತಾರೆ. “ಬಾಯಿ ಇತ್ತು. ಮಾತು ಬರ್ಲಿಲ್ಲ.”

ವಿಮಾನ ಮುಂದೆ ವಾಯುಸೇನೆಯನ್ನು ಸೇರಿತು. ಆ ಹೊತ್ತಿಗೆ ಉಚ್ಚಂಗೆಪ್ಪ ಬೆಂಗಳೂರು ಬಿಟ್ಟು ರಾಯದುರ್ಗಕ್ಕೆ ಬಂದಿದ್ದರು. ಆ ದಿನ ಇಡೀ ಜೀನ್ಸ್ ಕಾರ್ಖಾನೆ ಮೊಬೈಲಿನಲ್ಲಿ ಅದನ್ನು ನೋಡಿ ಚಪ್ಪಾಳೆ ತಟ್ಟಿದಾಗ ಉಚ್ಚಂಗೆಪ್ಪ ಯಂತ್ರದಡಿ ಬಾಗಿ ಅಯಸ್ಕಾಂತ ಆಡಿಸುತ್ತಿದ್ದರು. ಗಂಗಣ್ಣನವರನ್ನು ಕಾಣಲೆಂದು ಅಗಳಿಗೆ ಮೂರು ಸಲ ಹೋಗಿದ್ದಾರೆ. ಮೂರು ಸಲವೂ ಬಸ್ಸಿಳಿದು, ಅದೇ ಬಸ್ಸಿಗೆ ಹತ್ತಿ ಮರಳಿದ್ದಾರೆ.

ಪಾಪಕ್ಕ ಈಗ ಕಟ್ಟಿಟ್ಟ ಪ್ಯಾಂಟುಗಳನ್ನು ತಾವೇ ಬಿಚ್ಚಿ ಒಂದೊಂದಾಗಿ ತಡವುತ್ತಿದ್ದಾರೆ. ಲಾರಿ ಎಂಜಿನ್ ಆರಿಸಿದೆ. ಹತ್ತೂವರೆಗೆ ಒಂದು ಸೊಂಟಪಟ್ಟಿಯ ಒಳಮಡಿಕೆಯಲ್ಲಿ ಏನೋ ಅವರ ಹೆಬ್ಬೆರಳಿಗೆ ಚುಚ್ಚುತ್ತದೆ.

“ಸಿಕ್ತು ಮಾವಾ.”

ಉಚ್ಚಂಗೆಪ್ಪ ಎರಡೂ ತುಂಡುಗಳನ್ನು ಒತ್ತಿಟ್ಟು ನೋಡುತ್ತಾರೆ. ಮುರಿದ ಅಂಚು ಅಂಚಿಗೆ ಕೂಡುತ್ತದೆ. ಅಂಟುಪಟ್ಟಿ ಹಚ್ಚಿದ ಮೇಲೆ, ಪತ್ರಿಕೆಗೆ ಬರೆಯಲು ಬಂದ ನಾವು ಫೋಟೊಗೆ ಕರೆದರೆ ಕೈ ಅಡ್ಡ ಹಿಡಿಯುತ್ತಾರೆ.

“ನನ್ನ ಫೋಟೊ ಬ್ಯಾಡ್ರಿ. ಗಂಗಣ್ಣೋರು ಐತವಾರ ಅಗಳಿ ಬಸ್ ಸ್ಟ್ಯಾಂಡಿನ ಹೋಟ್ಲಾಗ ಪೇಪರ್ ಓದ್ತಾರಂತ. ಅವ್ರ ಕಣ್ಣಿಗೆ ಬೀಳೋ ಹಂಗ ಬರೀರಿ, ಸಾಕು: ಅವ್ರು ನೋಡಿದ್ದು ಸರಿ ಐತಿ. ನಾ ತೋರಿಸಿದ್ದೇ ಸುಳ್ಳು.”