ಗಾಳಿಮರದ ಕೆಳಗೆ ಎರಡು ತಟ್ಟೆ

ಡೊಂಬಿವಲಿಯ ಬಾಗಿಗೆ ಗಂಡನ ಮೇಲಿದ್ದ ದೂರು ಒಂದೇ ಒಂದು. ಕುಡಿತವಿಲ್ಲ, ಇಸ್ಪೀಟಿಲ್ಲ, ಕೈ ಎತ್ತಿದವನಲ್ಲ. ಇದನ್ನೆಲ್ಲ ಅವಳೇ ಬಿಲ್ಡಿಂಗಿನ ಹೆಂಗಸರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ಆದರೆ ಚನಿಯನೆಂಬ ಆ ಪುಣ್ಯಾತ್ಮ ಮದುವೆಯಾದ ಲಾಗಾಯ್ತು ಒಮ್ಮೆಯಾದರೂ ಅವಳ ಎದುರು ಕೂತು, ನೆಟ್ಟಗೆ ಒಂದು ಊಟ ಮುಗಿಸಿ ಎದ್ದವನಲ್ಲ.

ಸುಳ್ಳಲ್ಲ ಮಾರಾಯ್ರೆ. ಅದು ಮದುವೆಯ ದಿನವೇ ಶುರುವಾದ ರೋಗ. ಕಾರ್ಕಳದ ಹತ್ತಿರದ ಅವಳ ಊರಿನಲ್ಲಿ, ಚಪ್ಪರದಡಿ, ಮದುಮಕ್ಕಳಿಗೆ ಜೋಡಿ ಎಲೆ ಹಾಕಿದ್ದರು. ಬಡಿಸುವ ಹುಡುಗರು ಆ ಹೊತ್ತಿಗೆ ಎಲ್ಲೋ ಮಾಯ. ಎದುರು ಸಾಲಿನಲ್ಲಿ ಒಬ್ಬರು ಮುದುಕರು ಸಾರಿಗಾಗಿ ಕತ್ತೆತ್ತಿ ಅತ್ತಿತ್ತ ನೋಡಿದರು, ಅಷ್ಟೇ. ಮುಂಬೈಯಲ್ಲಿ ಹೋಟೆಲ್ ವೇಟರ್ ಆಗಿದ್ದ ಮದುಮಗ ಪೇಟ ತೆಗೆದಿಟ್ಟು, ಜರಿಪಂಚೆ ಎತ್ತಿ ಕಟ್ಟಿ, ಸಾರಿನ ಬಕೆಟ್ ಹಿಡಿದೇಬಿಟ್ಟ. ಬಾಗಿ ತಲೆ ತಗ್ಗಿಸಿ ಒಬ್ಬಳೇ ಉಂಡಳು. ಕೊನೆಗೆ ಪಾಯಸ ತಂದವನೂ ಅವನೇ. "ಇನ್ನೊಂದು ಸೌಟು ಹಾಕಲಾ?" ಎಂದು ಕೇಳಿದ. ಗಂಡನಾದವನು ಅವಳೊಡನೆ ಆಡಿದ ಮೊದಲ ಮಾತು ಅದು.

ಮುಂಬೈ ಹೊರವಲಯದ ಡೊಂಬಿವಲಿಗೆ ಬಂದ ಮೇಲೂ ಅದೇ ಹಾಡು. ಸ್ಟೇಷನ್ನಿಗೆ ತಾಗಿದ ಹೋಟೆಲಿಗೆ ಚನಿಯ ನಸುಕಿನಲ್ಲೇ ಹೋಗುವವನು. ಅಲ್ಲಿಯ ಕೆಲಸಗಾರರು ಉಣ್ಣುವುದು ಕೊನೆಯ ಗಿರಾಕಿ ಕೈತೊಳೆದ ಮೇಲೆ, ಅದೂ ಅಡುಗೆಮನೆಯಲ್ಲಿ ನಿಂತುಕೊಂಡು, ಗಬಗಬನೆ. ವಾರದ ರಜೆಯ ದಿನ ಇದ್ದಾನಲ್ಲ ಎಂದರೆ ಠಾಣೆಯಲ್ಲೋ ಕಲ್ಯಾಣದಲ್ಲೋ ಊರವರ ಪೂಜೆ, ಸೀಮಂತ, ಸತ್ತವರ ಬೊಜ್ಜ ಏನಾದರೊಂದು ಇದ್ದೇ ಇರುತ್ತಿತ್ತು. ಚನಿಯ ಬಡಿಸಲಿಕ್ಕೆ ನಿಂತರೆ ಯಾರ ಎಲೆಯೂ ಬರಿದಾಗದು ಎಂಬ ಹೆಸರು ಬೇರೆ. ಇತ್ತ ಬಾಗಿ ಬಾಲವಾಡಿಯಲ್ಲಿ ಆಯಾ. ಬೆಳಗ್ಗೆಯೆಲ್ಲ ಪುಟ್ಟ ಮಕ್ಕಳ ಡಬ್ಬಿ ಬಿಚ್ಚಿಕೊಟ್ಟು, ಒಬ್ಬೊಬ್ಬರನ್ನೂ ಕೂರಿಸಿ ತಿನ್ನಿಸಿ, ಮನೆಗೆ ಬಂದು ತಾನು ಮಾತ್ರ ಟಿವಿ ನೋಡಿಕೊಂಡು ಉಣ್ಣುವಳು. ಟಿವಿಯಲ್ಲಿ ಬರುವ ಅತ್ತೆ ಸೊಸೆಯರಾದರೂ ಒಟ್ಟಿಗೆ ಕೂತು ಉಣ್ಣುತ್ತಾರಲ್ಲ ಎಂದು ಅವಳಿಗೆ ಹೊಟ್ಟೆಯುರಿ.

ಹೀಗಿರುವಾಗ ಹೋಟೆಲಿನ ಅಡುಗೆಮನೆಗೆ ಹೊಸ ಟೈಲ್ಸ್ ಹಾಕಲೆಂದು ಮಾಲೀಕ ಸೇಠ್ ಕೆಲವು ದಿನ ಬಾಗಿಲು ಮುಚ್ಚಿದರು. ಮಹಾಪೆಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮಗಳು ಸೋನಾಲಿ ತಕ್ಷಣ ಫೋನು ಹಿಡಿದು ಕೂತಳು.

"ಮಮ್ಮಿ, ಕ್ಯಾಂಪಿಂಗ್ ಹೋಗುವ. ಉರಣ್ ಕೇ ಆಗೇ. ಸಮುದ್ರದ ಬಾಜೂ ಟೆಂಟಲ್ಲಿ ಮಲಗುದು."

"ಟೆಂಟಾ? ನಮ್ಮನ್ನು ಸರ್ಕಸ್ಸಿಗೆ ಸೇರಿಸ್ತೀಯಾ?" ಎಂದಳು ಬಾಗಿ. ಆಮೇಲೆ ಏನೋ ಹೊಳೆದು ಕೇಳಿದಳು, "ಅಲ್ಲಿ ಹೋಟೆಲ್ ಉಂಟಾ?"

"ನಹೀ ರೇ. ಮರಳು, ಸಮುದ್ರ, ಟೆಂಟ್. ಬಸ್."

"ಮದುವೆ, ಪೂಜೆ, ಎಂತಾದರೂ?"

"ಅರೇ ಮಮ್ಮೀ!"

"ಹಾಗಾದ್ರೆ ಹೋಗುವ," ಎಂದಳು ಬಾಗಿ. ಅವಳ ಲೆಕ್ಕಾಚಾರ ಅವಳದು. ಬಡಿಸಲು ಪಂಕ್ತಿಯೇ ಇಲ್ಲದ ಜಾಗದಲ್ಲಿ ಈ ಮನುಷ್ಯ ಎದ್ದು ಹೋಗುವುದಾದರೂ ಎಲ್ಲಿಗೆ? ಹೊರಡುವ ದಿನ ಕೋಳಿಸಾರು ಮಾಡಿದಳು, ಊರಿಂದ ಬಂದಿದ್ದ ಗರಿಗರಿ ಅಕ್ಕಿರೊಟ್ಟಿಯ ಕಟ್ಟು ಇಳಿಸಿದಳು. ಈ ಕೋರಿರೊಟ್ಟಿಯ ಮರ್ಜಿ ಊರವರಿಗೆಲ್ಲ ಗೊತ್ತು. ರೊಟ್ಟಿ ಮುರಿದು ಸಾರು ಹೊಯ್ದ ಮೇಲೆ ಕಾಯುವಂತಿಲ್ಲ, ಆಗಲೇ ಉಣ್ಣಬೇಕು. ಎದ್ದು ಹೋಗುವ ಗಂಡನನ್ನು ಕಟ್ಟಿಹಾಕಲು ಇದಕ್ಕಿಂತ ಒಳ್ಳೆಯ ಹಗ್ಗ ಅವಳಿಗೆ ತೋಚಲಿಲ್ಲ.

ಠಾಣೆಯಲ್ಲೊಮ್ಮೆ, ನೆರೂಳಿನಲ್ಲೊಮ್ಮೆ ಗಾಡಿ ಬದಲಿಸಿ ಹೊರಟರು. ಉರಣದ ಲೋಕಲ್ ಖಾಲಿ ಹೊಡೆಯುತ್ತಿತ್ತು, ಬೇಕಾದರೆ ಮಲಗಿಯೇ ಹೋಗಬಹುದಿತ್ತು. ಚನಿಯ ಮಾತ್ರ ಬಾಗಿಲ ಬಳಿ ಕಂಬ ಹಿಡಿದು ನಿಂತೇ ಇದ್ದ.

"ಸೀಟು ಕಚ್ತದಾ ನಿಮ್ಮನ್ನು?" ಎಂದಳು ಬಾಗಿ.

"ಇರ್ಲಿ. ನಿಂತು ಅಭ್ಯಾಸ," ಎಂದ ಅವನು.

ಜಾಗವೇನೋ ಚಂದವೇ ಇತ್ತು. ಗಾಳಿಮರಗಳ ತೋಪು, ಅದರ ನೆರಳಲ್ಲಿ ಬಣ್ಣಬಣ್ಣದ ಒಂದಷ್ಟು ಟೆಂಟು, ಎದುರಿಗೇ ಕಡಲು, ದೂರದಲ್ಲಿ ಸಾಲುಗಟ್ಟಿ ನಿಂತ ಹಡಗು. ಒಂದು ಬದಿಗೆ ತಗಡಿನ ಮಾಡಿನ ಅಡುಗೆಮನೆ, ಅದರ ಮುಂದೆ ಪ್ಲಾಸ್ಟಿಕ್ ಮೇಜು ಕುರ್ಚಿ. ನಡೆಸುವವಳು ಅನಘ ಎಂಬ ಮರಾಠಿ ಹೆಂಗಸು. ಚನಿಯ ಟೆಂಟಿನೊಳಗೆ ಹೊಕ್ಕವನು ತಲೆ ತಾಗಿಸಿಕೊಂಡು ಗೊಣಗಿದ.

"ಇದ್ರಲ್ಲಿ ನಿಲ್ಲಲಿಕ್ಕೇ ಆಗುದಿಲ್ವಲ್ಲ ಮಾರಾಯ್ತಿ!"

"ಅದಕ್ಕೇ ಬಂದದ್ದು. ಕೂತುಕೊಳ್ಳಿ."

ಕೂತ. ಬಾಗಿಗೆ ಅರ್ಧ ಗೆದ್ದಷ್ಟು ಖುಷಿ. ಆದರೆ ಚಹಾದ ಹೊತ್ತಿಗೆ ಗ್ರಹಚಾರ ವಕ್ಕರಿಸಿತು. ಅನಘಳ ಇಬ್ಬರು ಕೆಲಸದವರೂ ಪಕ್ಕದ ಹಳ್ಳಿಯ ಮದುವೆಮನೆಗೆ, ಅರಿಶಿನ ಹಚ್ಚುವ ಹಳದಿಗೆ ಹೋಗಿಬಿಟ್ಟಿದ್ದರು. ಉರಣದ ಕಡೆ ಹಳದಿಯೆಂದರೆ ಗೊತ್ತಲ್ಲ, ಬೆಳ್ಳಂಬೆಳಗಿನ ತನಕ ಡಿಜೆ, ಕುಣಿತ. ಅತ್ತ ಹೋದವರು ಇತ್ತ ಬರುವುದು ಮರುದಿನವೇ. ಅನಘ ಒಬ್ಬಳೇ ಒಲೆ ಮತ್ತು ಮೇಜುಗಳ ನಡುವೆ ಓಡಾಡಿ ಏದುಸಿರು ಬಿಡುತ್ತಿದ್ದಳು. ಚನಿಯ ತನ್ನ ಚಹಾ ಕುಡಿದು, ಖಾಲಿ ಕಪ್ಪು ಇಟ್ಟು ಬರಲು ಎದ್ದ. ಹೋಗುವಾಗ ಪಕ್ಕದ ಮೇಜಿನ ಕಪ್ಪುಗಳನ್ನೂ ಬೆರಳಿಗೆ ಸಿಕ್ಕಿಸಿಕೊಂಡ. ಅದರ ಪಕ್ಕದ ಮೇಜಿನವೂ ಬಂದವು. ಅವನ ತಲೆಗೆ ಅದು ಗೊತ್ತೇ ಇರಲಿಲ್ಲ, ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು.

ಕಲ್ಯಾಣದಿಂದ ಸಂಸಾರ ಸಮೇತ ಬಂದಿದ್ದ ಬಟ್ಟೆ ವ್ಯಾಪಾರಿ ಕುಶಲ ಸೇಠ್ ಅದನ್ನು ನೋಡಿದ. ಬೆರಳಿಗೊಂದು ಕಪ್ಪು, ಹೆಗಲಿಗೊಂದು ಟವೆಲು, ದಕ್ಷಿಣದ ಮುಖ. ಇನ್ನೇನು ಸಂಶಯ?

"ಅಣ್ಣಾ! ಏಕ್ ಚಾಯ್, ಶಕ್ಕರ್ ಕಮ್!"

ಚನಿಯನ ಕಿವಿ ನೆಟ್ಟಗಾಯಿತು. "ಲಾಯಾ ಸೇಠ್!" ಎಂದ. ಮುಗಿಯಿತು ಕತೆ.

ಹೋಟೆಲಿನವನ ಹೆಂಡತಿ ಹೋಟೆಲಿನಲ್ಲಿ ಕೂತು ತಿಂದರೆ ಡೊಂಬಿವಲಿಯ ಮಾಲೀಕರು ಏನಂದುಕೊಂಡಾರು ಎಂದು ಚನಿಯ ಅವಳನ್ನು ಅತ್ತ ಬರಗೊಟ್ಟವನೇ ಅಲ್ಲ. ಹಾಗಾಗಿ ಗಂಡ ಕೆಲಸ ಮಾಡುವುದನ್ನು ಬಾಗಿ ಸರಿಯಾಗಿ ನೋಡಿದ್ದು ಅಂದೇ. ಮನೆಯಲ್ಲಿ ಟವೆಲ್ ಎಲ್ಲಿ, ಕನ್ನಡಕ ಎಲ್ಲಿ ಎಂದು ದಿನಾ ಪ್ರಾಣ ತಿನ್ನುವ ಮನುಷ್ಯ, ಇಲ್ಲಿ ಯಾರಿಗೆ ಶುಂಠಿ ಬೇಕು, ಯಾರಿಗೆ ಬೇಡ ಎಂದು ಒಂದೂ ತಪ್ಪದೆ ಒಪ್ಪಿಸುತ್ತಿದ್ದ. ಮಂಡಿನೋವು ಎಲ್ಲಿ ಹೋಯಿತೋ! ಹತ್ತು ವರ್ಷ ಕಡಿಮೆಯಾದವನ ಹಾಗೆ ಓಡಾಡುತ್ತಿದ್ದ. ಬಾಗಿಗೆ ಹೆಮ್ಮೆಯಾಯಿತು. ಅದರ ಬೆನ್ನಿಗೇ ಕಂಡವರ ಮೇಲೆಲ್ಲ ಅಸೂಯೆಯೂ ಆಯಿತು. ಆ ನಗು, ಆ ಲವಲವಿಕೆಯೆಲ್ಲ ಕಂಡವರಿಗೆ, ತನ್ನ ಪಾಲಿಗೆ ಇಷ್ಟು ವರ್ಷ ಬಂದದ್ದು ರಾತ್ರಿ ಮನೆ ಸೇರುವ ದಣಿದ ದೇಹ ಮಾತ್ರವಲ್ಲವೇ?

ಆದರೂ ಆಸೆ ಬಿಡಲಿಲ್ಲ. ಸೂರ್ಯ ಕೆಳಗಿಳಿಯುವ ಹೊತ್ತಿಗೆ ಸಾರು ಬಿಸಿ ಮಾಡಿ ತಂದು, ಟೆಂಟಿನೆದುರು ಚಾಪೆ ಹಾಸಿ, ಎರಡು ತಟ್ಟೆ ಇಟ್ಟಳು. ತಾಯಿಯ ಮನಸ್ಸು ಬಲ್ಲ ಸೋನಾಲಿ "ಸನ್‌ಸೆಟ್ ಫೋಟೋ" ಎಂದು ನೆಪ ಹೇಳಿ ನೀರಿನ ಕಡೆ ನಡೆದಳು. ಹೋಗುವ ಮೊದಲು ಅಪ್ಪನನ್ನು ಹಿಡಿದು ತಂದು ಕೂರಿಸಿಯೇ ಹೋದಳು. ಚನಿಯ ಚಕ್ಕಳಮಕ್ಕಳ ಹಾಕಿ ಕೂತ. ಬಾಗಿ ರೊಟ್ಟಿ ಮುರಿದಳು, ಮೇಲೆ ಬಿಸಿ ಸಾರು ಹೊಯ್ದಳು. ಅವನ ಕೈ ತಟ್ಟೆಗೆ ತಾಗಿತ್ತು, ಅಷ್ಟರಲ್ಲಿ ಮೇಜುಗಳ ಕಡೆಯಿಂದ ಯಾರೋ ಕೂಗಿದರು.

"ಅಣ್ಣಾ, ಪಾನೀ!"

"ಈಗ ಬಂದೆ," ಎಂದು ಎದ್ದ.

ನೀರು ಕೊಟ್ಟವನಿಗೆ ಹಪ್ಪಳ ಕೇಳಿದರು. ಹಪ್ಪಳ ಕೊಟ್ಟವನಿಗೆ ಮಕ್ಕಳ ಅನ್ನ ನೆನಪಾಯಿತು. ಅನ್ನ ತಂದವನು ಅನಘಳ ಕೈಯಿಂದ ದಾಲಿನ ಪಾತ್ರೆ ಇಸಿದುಕೊಂಡ. ಇತ್ತ ತಟ್ಟೆಯಲ್ಲಿ ರೊಟ್ಟಿ ಮೆತ್ತಗಾಯಿತು, ಆಮೇಲೆ ಗಂಜಿಯಾಯಿತು. ಸೂರ್ಯನೂ ಇವನಿಗಾಗಿ ಕಾಯಲಿಲ್ಲ. ಬಾಗಿ ಎರಡೂ ತಟ್ಟೆಯದನ್ನು ತೀರದ ನಾಯಿಯ ಮುಂದೆ ಸುರಿದಳು. ಆ ನಾಯಿ ಜನ್ಮದಲ್ಲಿ ಅಂಥ ಊಟ ಕಂಡಿರಲಿಕ್ಕಿಲ್ಲ.

ಕೈ ಒರೆಸಿಕೊಳ್ಳುತ್ತ, ನಗುನಗುತ್ತ ಬಂದ ಚನಿಯ ಕೇಳಿದ, "ನಿಂದು ಊಟ ಆಯ್ತಾ?"

"ನೀವು ಮದುವೆಯಾದದ್ದು ನನ್ನನ್ನಾ, ಆ ಸಾರಿನ ಬಕೆಟನ್ನಾ?"

ಎದ್ದು ಟೆಂಟಿನೊಳಗೆ ಹೋದಳು. ಅಲ್ಲಿ ಇನ್ನೊಂದು ಅವಮಾನ. ಸಿಟ್ಟಿನಲ್ಲಿ ದಢಾರನೆ ಹಾಕಲು ಟೆಂಟಿಗೆ ಬಾಗಿಲಿರುವುದಿಲ್ಲ. ಇರುವುದೊಂದು ಜಿಪ್ಪು, ಅದು ಅರ್ಧಕ್ಕೆ ಬಂದು ಅವಳ ಸೆರಗನ್ನು ಕಚ್ಚಿಕೊಂಡಿತು. ಹೊರಗಿನಿಂದ ಚನಿಯ ಅದನ್ನು ಬಿಡಿಸಬೇಕಾಯಿತು. ಬಿಡಿಸಿದ ಮೇಲೆ ಬಾಗಿ ಜಿಪ್ಪನ್ನು ಪೂರ್ತಿ ಎಳೆದಳು. ಅವನು ಹೊರಗೇ ಕುಕ್ಕರಿಸಿ ಕೂತ.

"ಬಾಗೀ... ಪಾಪ, ಆ ಅನಘ ಒಬ್ಬಳೇ ಇದ್ದದ್ದು. ಅಲ್ಲಿ ಹಸಿದವರು ಕೂತಿರುವಾಗ ನಾನು ಹೇಗೆ ಉಣ್ಣುದು ಹೇಳು?"

"ನಾನೂ ಹಸಿದೇ ಕೂತದ್ದು," ಎಂದಿತು ಒಳಗಿನ ದನಿ.



ಬೆಳಗ್ಗೆ ಬಾಗಿಗೆ ಎಚ್ಚರವಾದದ್ದೇ ಕಪ್ಪು ಬಸಿಗಳ ಸದ್ದಿಗೆ. ಇಣುಕಿ ನೋಡಿದರೆ ಅದೇ ಟವೆಲು, ಅದೇ ಓಡಾಟ. ಹಳದಿಗೆ ಹೋದವರು ಇನ್ನೂ ಬಂದಿರಲಿಲ್ಲ. ಸಿಟ್ಟು ನೆತ್ತಿಗೇರಬೇಕಿತ್ತು. ಆದರೆ ಕುಶಲ ಸೇಠ್ ಮೇಜು ಕುಟ್ಟುವುದೂ, ಚನಿಯ ಹಾರಿ ಅಲ್ಲಿ ಹಾಜರಾಗುವುದೂ ಕಣ್ಣಿಗೆ ಬಿದ್ದಾಗ ಅವಳ ತಲೆಯಲ್ಲಿ ಏನೋ ಮಿಂಚಿತು. ಮುಖ ತೊಳೆದಳು, ತಲೆ ಬಾಚಿದಳು, ಚೀಲದಿಂದ ಹಸಿರು ಸೀರೆ ತೆಗೆದು ಉಟ್ಟಳು. ಕಂಕುಳಲ್ಲಿ ಪರ್ಸ್ ಇರುಕಿಕೊಂಡು ಹೋಗಿ, ಕಡಲಿಗೆ ಹತ್ತಿರದ ಮೇಜಿನ ಮುಂದೆ ಗತ್ತಿನಿಂದ ಕೂತು, ಮೇಜು ಕುಟ್ಟಿದಳು.

"ಅಣ್ಣಾ! ಇಧರ್!"

"ಅಭೀ ಆಯಾ!" ಎಂದು ಓಡಿ ಬಂದ ಚನಿಯ, ಕರೆದವರನ್ನು ನೋಡಿ ಅಲ್ಲೇ ನಿಂತ. "ಎಂತ ತಮಾಷೆ ಬಾಗಿ ಇದು?"

"ತಮಾಷೆ ಎಂತದು? ನಾನು ಪುಕ್ಕಟೆ ಬಂದದ್ದಾ? ನಾನೂ ಗಿರಾಕಿ."

ಆಚೀಚೆ ಮೇಜಿನವರು ತಿರುಗಿ ನೋಡಿದರು. ಚನಿಯ ಹೆಂಡತಿಯ ಮುಖ ನೋಡಿದ. ಅದರಲ್ಲಿ ತಮಾಷೆ ಇರಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ಹೋಟೆಲಿನ ದನಿಯಲ್ಲಿ ಕೇಳಿದ, "ಹೇಳಿ, ಏನು ಕೊಡಲಿ?"

ಅವನು ಅವಳಿಗೆ ಬಹುವಚನ ಹಾಕಿದ್ದು ಜೀವಮಾನದಲ್ಲಿ ಅದೇ ಮೊದಲು. ಬಾಗಿಗೆ ನಗು ತಡೆಯುವುದು ಕಷ್ಟವಾಯಿತು.

"ಎರಡು ಪೋಹೆ. ಎರಡು ಚಾ."

"ಜೊತೆಗೆ ಯಾರಿದ್ದಾರೆ?"

"ಒಬ್ಬರು ಬರಲಿಕ್ಕುಂಟು. ತುಂಬ ವರ್ಷದಿಂದ ಕಾಯ್ತಾ ಇದ್ದೇನೆ."

ಚನಿಯ ಹೋದ. ಹಬೆಯಾಡುವ ಅವಲಕ್ಕಿ ಪೋಹೆಯ ತಟ್ಟೆಗಳನ್ನು ತಂದು ಒಂದನ್ನು ಅವಳ ಮುಂದೆ, ಒಂದನ್ನು ಖಾಲಿ ಕುರ್ಚಿಯ ಮುಂದೆ ಇಟ್ಟ. ಚಹಾ ತಂದ. ಆಮೇಲೆ ಮೆಲ್ಲಗೆ ಕೇಳಿದ, "ಅವರು ಬರ್ಲಿಲ್ವಾ?"

"ಬಂದಿದ್ದಾರೆ. ನಿಂತುಕೊಂಡಿದ್ದಾರೆ."

ಚನಿಯ ಹೆಗಲಿನ ಟವೆಲು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದ, ಕುರ್ಚಿ ಎಳೆದು ಕೂತ. ತಿನ್ನುವುದೋ, ಬಸ್ಸಿಗೆ ಹೊರಟವರ ಹಾಗೆ! ಬಾಗಿ ಎರಡು ತುತ್ತು ತಿನ್ನುವಷ್ಟರಲ್ಲಿ ಅವನ ತಟ್ಟೆ ಖಾಲಿ. ಎದ್ದೇ ಬಿಟ್ಟ.

"ಕೂತುಕೊಳ್ಳಿ. ಪಂಕ್ತಿಯಲ್ಲಿ ಎಲ್ಲರದ್ದೂ ಆಗದೆ ಏಳ್ಲಿಕ್ಕುಂಟಾ?"

ಊರಿನ ಕ್ರಮ ಅದು, ಇಲ್ಲವೆನ್ನಲಾಗಲಿಲ್ಲ. ಕೂತ. ಮಾಡಲು ಬೇರೆ ಕೆಲಸವಿಲ್ಲದೆ ಹೆಂಡತಿ ತಿನ್ನುವುದನ್ನು ನೋಡಿದ. ಅವಳು ಪೋಹೆಯಿಂದ ಕಡಲೆಬೀಜಗಳನ್ನು ಆರಿಸಿ ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು.

"ಕಡ್ಲೆಬೀಜ ನಿಂಗೆ ಆಗುದಿಲ್ವಾ?"

"ಆಗ್ತದೆ. ತುಂಬ ಇಷ್ಟ. ಅದಕ್ಕೇ ಕೊನೆಗೆ ಒಟ್ಟಿಗೆ ತಿನ್ನುದು. ಸಣ್ಣದರಿಂದಲೂ ಹಾಗೇ."

ಹೋಟೆಲಿಗೆ ಬರುವ ರಿಟಾಯರ್ಡ್ ಮೇಷ್ಟ್ರಿಗೆ ಸಾಂಬಾರ್ ಬೇರೆ ಬಟ್ಟಲಲ್ಲಿ ಬೇಕು, ಬ್ಯಾಂಕಿನ ಅಮ್ಮನಿಗೆ ಚಟ್ನಿ ಎರಡು ಸಲ ಬೇಕು, ಇಂಥದ್ದೆಲ್ಲ ಚನಿಯನಿಗೆ ಬಾಯಿಪಾಠ. ಇದು ಮಾತ್ರ ಗೊತ್ತಿರಲಿಲ್ಲ.

"ನಂಗೆ ಗೊತ್ತೇ ಇರ್ಲಿಲ್ಲ ಬಾಗಿ," ಎಂದ. ಕಣ್ಣು ತುಂಬಿತ್ತು.

"ಹೇಗೆ ಗೊತ್ತಾಗುದು? ನೋಡಿದ್ರೆ ಅಲ್ವಾ?" ಎಂದಳು ಅವಳು, ಸಿಟ್ಟಿಲ್ಲದೆ.

ಅಷ್ಟರಲ್ಲಿ ಹಿಂದಿನಿಂದ ಕುಶಲ ಸೇಠ್ ಮೇಜು ಕುಟ್ಟಿದ. "ಅಣ್ಣಾ, ಚಾಯ್!"

ಚನಿಯನ ಮಂಡಿ ಎದ್ದೇಬಿಟ್ಟಿತು. ಬಾಗಿ ತಟ್ಟೆ ನೋಡುತ್ತ ಕೂತಳು. ಅರ್ಧ ಎದ್ದವನು ಮೇಜು ಹಿಡಿದು, ಮತ್ತೆ ಕೆಳಗಿಳಿದ.

"ರುಕೋ ಸೇಠ್," ಎಂದ, ತನ್ನ ಖಾಲಿ ತಟ್ಟೆಯ ಮುಂದೆ ಕೂತುಕೊಂಡು. "ಮೇರಾ ಖಾನಾ ಚಾಲೂ ಹೈ."

ಆಗತಾನೇ ಎದ್ದು ಬಂದ ಸೋನಾಲಿ, ಅಪ್ಪ ಇಲ್ಲಿಯ ಕೆಲಸದವನಲ್ಲ, ಅವನೂ ಗಿರಾಕಿಯೇ ಎಂದು ಸೇಠ್‌ಗೆ ಮೆಲ್ಲಗೆ ತಿಳಿಸಿದಳು. ಆತ ಪೆಚ್ಚಾಗಿ ನಾಲಿಗೆ ಕಚ್ಚಿಕೊಂಡು, ತಾನೇ ಹೋಗಿ ಕೆಟಲ್ ತಂದು, ಮೊದಲು ಇವರಿಬ್ಬರ ಕಪ್ಪಿಗೆ ಹೊಯ್ದ. ಬಾಗಿಯ ಪೋಹೆ ಮುಗಿದಿತ್ತು. ಉಳಿದದ್ದು ಅಂಚಿನ ಕಡಲೆಬೀಜ. ಎಂದಿನ ಹಾಗೆ ಅದನ್ನು ಒಟ್ಟಿಗೆ ಬಾಯಿಗೆ ಹಾಕಿಕೊಳ್ಳಲಿಲ್ಲ. ಒಂದೊಂದನ್ನೇ ತೆಗೆದು, ನಿಧಾನಕ್ಕೆ ಅಗಿದು ತಿಂದಳು. ಎಂಜಲು ಕೈ ಒಣಗಿಸಿಕೊಂಡು ಚನಿಯ ಕೂತೇ ಇದ್ದ.